ಮಲಗಿ ಮಲಗಿ ದಣಿದವಳು

ಕೂಕಟ್‌ಪಲ್ಲಿ, ಹೈದರಾಬಾದ್
೯ ಮಾರ್ಚ್ ೧೯೯೨

ಅಪ್ಪನವರಿಗೆ ಶಿವದೇವಿಯ ನಮಸ್ಕಾರಗಳು.

ಇದನ್ನು ಕೂತು ಬರೆಯುತ್ತಿದ್ದೇನೆ. ಹಿಂದಿನ ಪತ್ರಗಳಲ್ಲಿ ಅಕ್ಷರ ಓರೆಯಾಗಿವೆ ಎಂದು ಗದರಿದ್ದಿರಿ. ಮಲಗಿಕೊಂಡು ಎದೆಯ ಮೇಲೆ ಹಲಗೆ ಇಟ್ಟು ಬರೆದರೆ ಹಾಗೆಯೇ ಆಗುತ್ತದೆ.

ಏಳನೆಯ ತಿಂಗಳು ನಡೆದಿದೆ. ಶನಿವಾರ ತೋರಿಸಿಕೊಳ್ಳಲು ಹೋಗಿದ್ದೆವು. ಡಾಕ್ಟರಮ್ಮ ನನ್ನ ಕಾಲು ಮುಟ್ಟಿ ನೋಡಿ, “ಇಂಕಾ ಎಂದುಕು ಪಡುಕುನ್ನಾವಮ್ಮಾ? ಲೇಚಿ ನಡು” ಎಂದರು. ಇನ್ನೂ ಯಾಕೆ ಮಲಗಿದ್ದೀಯ, ಎದ್ದು ನಡೆ ಎಂದು. ಅತ್ತೆಯವರೂ ಇವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆಯವರೇ ಬಾಯಿ ಬಿಟ್ಟರು: “ಅಲ್ಲರೀ, ಎರಡು ಸಲ ಕೈ ಬಿಟ್ಟು ಹೋಗೇದ. ಮಲಗ್ರಿ ಅಂದವರೂ ನೀವಾ ಅಲ್ಲೇನ್ರಿ?” ಅದು ಮೊದಲಿನ ತಿಂಗಳುಗಳ ಮಾತು, ಆ ಭಯ ದಾಟಿದೆ, ಈಗ ಹೀಗೆ ಬಿದ್ದುಕೊಂಡರೆ ಹೆರಿಗೆಯ ಹೊತ್ತಿಗೆ ಮೈಯಲ್ಲಿ ಕಸುವೇ ಇರುವುದಿಲ್ಲ ಎಂದರು ಡಾಕ್ಟರಮ್ಮ. ದಿನಾ ನಡೆಯಬೇಕಂತೆ. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು.

ತಿರುಗಿ ಬಂದಾಗ ನಮ್ಮ ಮೂರನೆಯ ಮಹಡಿಯ ಮೆಟ್ಟಿಲು ಹತ್ತಲಾಗಲಿಲ್ಲ. ನಡುವೆ ಕೂತುಬಿಟ್ಟೆ. ಇವರು ಮೇಲಿನಿಂದ ಕುರ್ಚಿ ತಂದರು. ಹೋದ ವರ್ಷ ಇದೇ ಕಾಲಿನಿಂದ ನಾಂಪಲ್ಲಿಯವರೆಗೆ ಬಸ್ಸಿನಲ್ಲಿ ನಿಂತು ಆಫೀಸಿಗೆ ಹೋಗಿ, ಸಂಜೆ ನುಮಾಯಿಷ್ ವಸ್ತುಪ್ರದರ್ಶನ ಸುತ್ತಿ ಬಂದಿದ್ದೆ. ಈಗ ಈ ಕಾಲು ನನ್ನದೇ ಅನ್ನಿಸುವುದಿಲ್ಲ.

ಮಲಗಿದರೆ ದಣಿವು ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಲಗಿದ್ದೇ ದಣಿವಾದರೆ ಎಲ್ಲಿ ಹೋಗಿ ಮಲಗಬೇಕಪ್ಪಾ? ಕುಡಿಯುವ ನೀರು ಕೆಳಗಿನ ನಲ್ಲಿಗೆ ಮಾತ್ರ ಬರುತ್ತದೆ. ಅತ್ತೆಯವರು ಈ ವಯಸ್ಸಿನಲ್ಲಿ ಬಕೆಟ್ಟು ಎತ್ತಿಕೊಂಡು ಉಸ್ಸೆಂದು ಮೆಟ್ಟಿಲು ಹತ್ತುವುದನ್ನು ಹಾಸಿಗೆಯಿಂದ ಕೇಳಿಸಿಕೊಳ್ಳುತ್ತೇನೆ.

ನಾಳೆಯಿಂದ ನಡೆಯಬೇಕೆಂದಿದ್ದೇನೆ. ನೀವೇನು ಹೇಳುತ್ತೀರಿ?

ನಿಮ್ಮ ಮಗಳು
ಶಿವದೇವಿ


ಸೇಡಂ
೧೬ ಮಾರ್ಚ್ ೧೯೯೨

ಮಗಳು ಶಿವದೇವಿಗೆ ಆಶೀರ್ವಾದ.

ನಡೆಯುವುದು ಬೇಡ.

ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿ ಈ ಊರಿನ ಮಕ್ಕಳನ್ನು ಓಡಿಸಿದವನೇ ಹೀಗೆ ಹೇಳಬೇಕೆ ಎಂದು ನಿನಗೆ ಅನ್ನಿಸಬಹುದು. ಓಡುವ ಮೈ ಬೇರೆ, ಹೊತ್ತ ಮೈ ಬೇರೆ. ಮೂರನೆಯ ಮಹಡಿ ಇಳಿದು ಹತ್ತಿ, ರಸ್ತೆಯಲ್ಲಿ ಆಟೋಗಳ ನಡುವೆ ಅಡ್ಡಾಡಿ, ಕಾಲು ಜಾರಿದರೆ ಡಾಕ್ಟರಮ್ಮ ಬಂದು ಹಿಡಿಯುತ್ತಾಳೇನು? ಒಂಬತ್ತು ವರ್ಷಕ್ಕೆ ನಿಂತ ಬಸಿರು ಇದು. ಆಕೆಗೆ ನೀನು ದಿನದ ಸರದಿಯಲ್ಲಿ ಒಬ್ಬಳು. ಬೇರೆ ಡಾಕ್ಟರಿಗೆ ತೋರಿಸಲು ಅಳಿಯ ವೈಜನಾಥನಿಗೆ ಹೇಳು.

ರೀತಿಯ ಪ್ರಕಾರ ನೀನು ಈಗ ಇಲ್ಲಿರಬೇಕಿತ್ತು. ಮನೆಯಲ್ಲಿ ಹೆಣ್ಣು ದಿಕ್ಕಿಲ್ಲ, ಕರೆಸಿಕೊಂಡು ಏನು ಮಾಡಲಿ? ನಿಮ್ಮತ್ತೆ ಸುಂದರಾಬಾಯಿಯವರು ನೀರು ಹೊರುವುದು ನನಗೂ ಸರಿಯೆನಿಸುವುದಿಲ್ಲ. ಯಾರನ್ನಾದರೂ ಗೊತ್ತು ಮಾಡಿಕೊಳ್ಳಿ. ನೀನು ಮಾತ್ರ ಕೊಡ, ಬಕೆಟ್ಟು, ಏನನ್ನೂ ಮುಟ್ಟಕೂಡದು.

ತೊಗರಿಬೇಳೆ ಒಡೆಸಿಟ್ಟಿದ್ದೇನೆ. ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇನೆ.

ಮಲಗಿಕೊಂಡೇ ಬರೆ. ಅಕ್ಷರ ಓರೆಯಾದರೆ ಆಗಲಿ.

ನಿನ್ನ ತಂದೆ
ಹಣಮಂತರಾಯ


ಕೂಕಟ್‌ಪಲ್ಲಿ
೨೭ ಮಾರ್ಚ್ ೧೯೯೨

ಅಪ್ಪಾ,

ನಿಮ್ಮ ಮಾತು ಮೀರಿದ್ದೇನೆ. ಸಿಟ್ಟು ಬಂದರೆ ಪತ್ರವನ್ನು ಪೂರ್ತಿ ಓದಿ ಆಮೇಲೆ ಸಿಟ್ಟಾಗಿರಿ.

ರಸ್ತೆಗೆ ಹೋಗಿಲ್ಲ. ಮಾಳಿಗೆಯ ಮೇಲೆ ನಡೆಯುತ್ತೇನೆ. ನಮ್ಮ ಮನೆಯಿಂದ ಅದಕ್ಕೆ ನಾಲ್ಕೇ ಮೆಟ್ಟಿಲು. ಅಲ್ಲಿ ನೀರಿನ ಟಾಕಿ ಇದೆ, ಪಕ್ಕದವರು ಹಪ್ಪಳ ಒಣಗಿಸುತ್ತಾರೆ. ಹಪ್ಪಳ ಹರವಿದ ಸೀರೆಯನ್ನು ಬಳಸಿಕೊಂಡು ಹೋಗಿ, ಟಾಕಿ ಮುಟ್ಟಿ, ತಿರುಗಿ ಬರುವುದು. ಮೊದಲ ದಿನ ಟಾಕಿಯ ಹತ್ತಿರ ಕಣ್ಣಿಗೆ ಕತ್ತಲೆ ಬಂದು, ಅದರ ತಂಪು ಗೋಡೆಗೆ ಹಣೆ ಹಚ್ಚಿ ನಿಂತೆ. ಈಗ ಹಾಗಾಗುವುದಿಲ್ಲ. ಬೆಳಗಿನ ಹೊತ್ತೇ ಹೋಗುತ್ತೇನೆ. ಸಂಜೆಗೆ ಜೀಡಿಮೆಟ್ಲಾದ ಕಡೆಯಿಂದ ಗಾಳಿ ತಿರುಗಿದರೆ ಕಾರ್ಖಾನೆಗಳ ವಾಸನೆಗೆ ಮೇಲೆ ನಿಲ್ಲಲಾಗುವುದಿಲ್ಲ. ನಿಮ್ಮ ಅಳಿಯ ಪಾಪ, ಅದೇ ವಾಸನೆಯನ್ನು ಅಂಗಿಯಲ್ಲಿ ಹೊತ್ತುಕೊಂಡು ಮನೆಗೆ ಬರುತ್ತಾರೆ. ಬಾಗಿಲಲ್ಲೇ ಬಟ್ಟೆ ಬದಲಿಸಿ ಒಳಗೆ ಬರುವುದನ್ನು ಕಲಿತಿದ್ದಾರೆ.

ಅತ್ತೆಯವರು ಟಾಕಿಯ ನೆರಳಿನಲ್ಲಿ ಮಣೆ ಹಾಕಿಕೊಂಡು ಕೂರುತ್ತಾರೆ. ನಡೆಯುವಾಗ ಮಾತಾಡಲು ಬರುವಷ್ಟು ಉಸಿರಿರಬೇಕು, ಬರದಿದ್ದರೆ ನಿಲ್ಲಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಅಲ್ಲಿಂದಲೇ ಕೂಗುತ್ತಾರೆ: “ಏನರೇ ಮಾತಾಡವ್ವಾ. ಸುಮ್ಮನ ನಡದ್ರ ನನಗ ಹೆಂಗ ತಿಳೀಬೇಕು? ನಿಮ್ಮ ಸೋದರತ್ತಿ ಮಕ್ಕಳು ಯಾರ್ಯಾರು, ಎಲ್ಲೆಲ್ಲಿ ಕೊಟ್ಟಾರ, ಅದಾದ್ರೂ ಹೇಳು.” ನಾನು ಹೇಳುತ್ತೇನೆ. ನಮ್ಮ ಇಡೀ ಬಳಗ ಈಗ ಅವರಿಗೆ ಬಾಯಿಪಾಠವಾಗಿದೆ.

ಸುಖವಾಗಿದೆ ಎಂದು ಸುಳ್ಳು ಬರೆಯುವುದಿಲ್ಲ. ಸೊಂಟ ನೋಯುತ್ತದೆ. ಇಳಿದು ಬಂದರೆ ಮತ್ತೆ ಮಲಗಬೇಕು ಅನ್ನಿಸುತ್ತದೆ. ಆದರೆ ಆ ಮಲಗುವುದರಲ್ಲಿ ನಿದ್ದೆ ಇದೆ. ತಿಂಗಳುಗಟ್ಟಲೆ ಮಲಗಿದ್ದೆ, ನಿದ್ದೆ ಇರಲಿಲ್ಲ.

ಅಪ್ಪಾ, ಒಂದು ಕೇಳುತ್ತೇನೆ. ಅವ್ವ ಹೋದಾಗ ನನಗೆ ಎಂಟು ವರ್ಷ. ಆ ಬೆಳಿಗ್ಗೆ ಅವ್ವ ಹೊಟ್ಟೆ ಹೊತ್ತುಕೊಂಡೇ ಬಾವಿಗೆ ಹೋದದ್ದು, ನಾನು ಸೆರಗು ಹಿಡಿದು ಹಿಂದೆ ಹೋದದ್ದು, ಬರುವಾಗ ಕೊಡದ ನೀರು ತುಳುಕಿ ನನ್ನ ತಲೆ ತೊಯ್ದದ್ದು, ಎಲ್ಲ ನೆನಪಿದೆ. ಮಧ್ಯಾಹ್ನ ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟಿರಿ. ಆಮೇಲೆ ಅವ್ವನೂ ಇಲ್ಲ, ಕೂಸೂ ಇಲ್ಲ. ಆ ಕೊಡದಿಂದಲೇ ಹಾಗಾಯಿತು ಎಂದು ನೀವು ತಿಳಿದಿದ್ದೀರಾ? ನೀವು ಎಂದೂ ಹೇಳಿಲ್ಲ. ನಾನೂ ಕೇಳಿರಲಿಲ್ಲ. ಈಗ ಟಾಕಿಯ ಕಡೆಗೆ ನಡೆಯುವಾಗ ದಿನಾ ಅದೇ ತಲೆಗೆ ಬರುತ್ತದೆ.

ಉತ್ತರ ಬರೆಯಿರಿ.

ಶಿವದೇವಿ


ಸೇಡಂ
೩ ಏಪ್ರಿಲ್ ೧೯೯೨

ಶಿವದೇವಿಗೆ,

ನಾಳೆ ಯುಗಾದಿ. ಅಂಗಳದ ಬೇವು ಈ ಸಲ ಚೆನ್ನಾಗಿ ಹೂ ಬಿಟ್ಟಿದೆ. ಬಿಸಿಲು ಈಗಲೇ ಕಲ್ಲು ಕಾಯಿಸುತ್ತಿದೆ. ಬೋರಿನ ನೀರು ಒಂದು ದಿನ ಬಂದರೆ ಒಂದು ದಿನ ಇಲ್ಲ. ಶಾಲೆಯವರು ಬೇಸಿಗೆ ಶಿಬಿರಕ್ಕೆ ಕರೆದಿದ್ದರು, ಆಗುವುದಿಲ್ಲ ಎಂದೆ.

ನೀನು ಕೇಳಿದ್ದನ್ನು ಓದಿದೆ. ಮಾಳಿಗೆಯ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊ.

ಹಬ್ಬಕ್ಕೆ ಹೋಳಿಗೆ ತಿನ್ನು. ನನಗೆ ಪಕ್ಕದವರು ಕೊಡುತ್ತಾರೆ.

ಹಣಮಂತರಾಯ


ಕೂಕಟ್‌ಪಲ್ಲಿ
೧೮ ಏಪ್ರಿಲ್ ೧೯೯೨

ಪೂಜ್ಯ ಮಾವನವರಿಗೆ ವೈಜನಾಥನ ಸಾಷ್ಟಾಂಗ ನಮಸ್ಕಾರಗಳು.

ಓದುವ ಮೊದಲೇ ಹೇಳಿಬಿಡುತ್ತೇನೆ, ಶಿವದೇವಿಯೂ ಹೊಟ್ಟೆಯ ಮಗುವೂ ಚೆನ್ನಾಗಿದ್ದಾರೆ. ಗಾಬರಿಯಾಗಬೇಡಿ.

ರವಿವಾರ ಬೆಳಿಗ್ಗೆ ಅವಳೂ ನಮ್ಮ ತಾಯಿಯೂ ಮೊದಲ ಸಲ ಕೆಳಗೆ ಇಳಿದು, ಕಾಲೊನಿಯ ಮೂಲೆಯ ತರಕಾರಿ ಬಂಡಿಯವರೆಗೆ ನಡೆದು ಹೋಗಿದ್ದರು. ಮಾಳಿಗೆ ಸಾಕಾಗಿ ಅವಳೇ ಆಸೆಪಟ್ಟು ಹೋದದ್ದು. ಹೊರಟಾಗಲೇ ಹೊತ್ತಾಗಿತ್ತು, ಬಿಸಿಲು ಏರಿತ್ತು. ತಿರುಗಿ ಬರುವಾಗ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಯಿತು, ಬಿಟ್ಟಿತು, ಮತ್ತೆ ಆಯಿತು. ತಾಯಿ ಹೇಳಿಕಳಿಸಿದರು, ನಾನೂ ಓಡಿದೆ. ಮೂಲೆಯಿಂದಲೇ ಆಟೋ ಹಿಡಿದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಮರುದಿನದವರೆಗೆ ಇರಿಸಿಕೊಂಡು ನೋಡಿದರು. ನಿಂತಿತು. ಇದು ಸುಳ್ಳು ನೋವು, ಕೊನೆಯ ತಿಂಗಳುಗಳಲ್ಲಿ ಬರುವಂಥದ್ದು, ಮೈಯಲ್ಲಿ ನೀರು ಕಡಿಮೆಯಾದರೆ ಹೆಚ್ಚಾಗುತ್ತದೆ, ನಡೆದದ್ದರಿಂದ ಮಗುವಿಗೇನೂ ಆಗಿಲ್ಲ ಎಂದು ಡಾಕ್ಟರು ಹೇಳಿದರು. ಎರಡು ದಿನ ಬಿಟ್ಟು ತಂಪು ಹೊತ್ತಿನಲ್ಲಿ, ನೀರು ಕುಡಿದು, ಮತ್ತೆ ಶುರು ಮಾಡಿ ಎಂದೂ ಹೇಳಿದ್ದಾರೆ.

ಆದರೆ ಅವಳು ಏಳುತ್ತಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಕೇಳಿದರೆ “ನನಗ ಯಾರೂ ಏನೂ ಹೇಳಬ್ಯಾಡ್ರಿ” ಅನ್ನುತ್ತಾಳೆ. ನಮ್ಮ ತಾಯಿ ಅಡುಗೆ ಮನೆಯಲ್ಲಿ ಕೂತು “ನಾನಾ ಕರಕೊಂಡು ಹೋದೆ, ನಾನಾ ಕರಕೊಂಡು ಹೋದೆ” ಎಂದು ಅದನ್ನೇ ಹೇಳುತ್ತಿರುತ್ತಾರೆ. ಡಾಕ್ಟರು ಸಮಾಧಾನ ಹೇಳಿದರೂ ಇಬ್ಬರಿಗೂ ಒಳಗೆ ಇಳಿದಿಲ್ಲ. ನನ್ನದು ಪಾಳಿಯ ಕೆಲಸ. ಜೀಡಿಮೆಟ್ಲಾದಲ್ಲಿ ಗಡಿಯಾರ ನೋಡುತ್ತ ನಿಂತಿರುತ್ತೇನೆ.

ನಿಮ್ಮ ಅಭಿಪ್ರಾಯ ನನಗೆ ಗೊತ್ತು. ನೀವು ಹೇಳಿದ್ದೇ ಸರಿ ಎಂದು ಬೈಯುವುದಾದರೂ ಎದುರಿಗೆ ಬಂದು ಬೈಯಿರಿ. ಅವಳು ನಿಮ್ಮ ದಾರಿ ನೋಡುತ್ತಿದ್ದಾಳೆ ಎಂದು ನನಗೆ ಅನ್ನಿಸುತ್ತದೆ. ಅವಳು ಹೇಳಿಲ್ಲ. ನಾನು ಬರೆದದ್ದೂ ಅವಳಿಗೆ ಗೊತ್ತಿಲ್ಲ.

ಡಾಕ್ಟರಮ್ಮನನ್ನೇ ಕೇಳಬೇಕೆನಿಸಿದರೆ ಎಂದು ನರ್ಸಿಂಗ್ ಹೋಮಿನ ವಿಳಾಸ ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ನಾಂಪಲ್ಲಿಯಲ್ಲಿ ಇಳಿದರೆ ಕೂಕಟ್‌ಪಲ್ಲಿಗೆ ಬಸ್ಸುಗಳಿವೆ.

ನಿಮ್ಮ ಅಳಿಯ
ವೈಜನಾಥ


ಕೂಕಟ್‌ಪಲ್ಲಿ
೧೧ ಮೇ ೧೯೯೨

ಅಪ್ಪಾ,

ನೀವು ಹೋದ ಮೇಲೆ ಮೂಲೆಯಲ್ಲಿದ್ದ ನಿಮ್ಮ ಟ್ರಂಕಿನ ಜಾಗದಲ್ಲಿ ಅತ್ತೆಯವರು ಅಕ್ಕಿಯ ಚೀಲ ಇಟ್ಟಿದ್ದಾರೆ. ಆದರೂ ಅಲ್ಲಿ ಖಾಲಿಯೇ ಕಾಣುತ್ತದೆ.

ಇನ್ನೊಂದು ಹದಿನೈದು ದಿನ ಇರುತ್ತೀರೆಂದು ತಿಳಿದಿದ್ದೆ. ಮಾವನವರು ಯಾಕೆ ಹೊರಟರು ಎಂದು ಇವರು ಕೇಳಿದರು. ಮನೆಗೆ ಸುಣ್ಣ ಹೊಡೆಸಬೇಕಂತೆ ಎಂದೆ. ಮಳೆಗಾಲ ಹತ್ತಿರ ಬಂತಲ್ಲ ಎಂದು ಇವರೂ ಒಪ್ಪಿಕೊಂಡರು.

ನೀವು ಬಂದ ದಿನ ನನಗೆ ಬೈಗುಳದ ನಿರೀಕ್ಷೆ ಇತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೀರನ್ನೂ ಕುಡಿಯದೆ ಒಳಗೆ ಬಂದು ನನ್ನ ಹಾಸಿಗೆಯ ಪಕ್ಕದಲ್ಲಿ ನಿಂತು “ಏಳು” ಅಂದಿರಿ. ಸಣ್ಣವಳಿದ್ದಾಗ ಶಾಲೆಗೆ ಎಬ್ಬಿಸುತ್ತಿದ್ದ ದನಿ. ಎದ್ದುಬಿಟ್ಟೆ. ಆಮೇಲೆ ನೆನಪಾಯಿತು, ನಡೆಯಬೇಡ ಎಂದು ಬರೆದವರೂ ನೀವೇ ಅಲ್ಲವೇ ಎಂದು. ಅವತ್ತು ಕೇಳಲು ಧೈರ್ಯವಾಗಲಿಲ್ಲ. ಕೇಳಿದರೆ ನೀವು ಮನಸ್ಸು ಬದಲಿಸಿಬಿಡುತ್ತೀರೇನೋ ಅನ್ನಿಸಿತು. ಈಗ ಕೇಳುತ್ತೇನೆ. ಏನಾಯಿತಪ್ಪಾ?

ಆ ಬೆಳಗುಗಳು ಕಣ್ಣ ಮುಂದಿವೆ. ನೀವು ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಮಡಚುವ ಸ್ಟೂಲು ಹಿಡಿದುಕೊಂಡು ಕಾಲೊನಿಯ ರಸ್ತೆಯಲ್ಲಿ ನನ್ನ ಜೊತೆ ಬರುತ್ತಿದ್ದದ್ದು. ಬೇವಿನ ಮರದ ಕೆಳಗೆ ಸ್ಟೂಲು ಬಿಡಿಸಿ “ಕೂಡು” ಅನ್ನುವುದು, ಸ್ವಲ್ಪ ಹೊತ್ತಿಗೆ “ನಡಿ” ಅನ್ನುವುದು. ಹಾಲಿನ ಬೂತಿನವನು ತೆಲುಗಿನಲ್ಲಿ “ಪೆದ್ದಾಯನ ಮಿಲಿಟರಿನಾ?” ಎಂದು ಕೇಳಿದ್ದ. ದೊಡ್ಡವರು ಮಿಲಿಟರಿಯವರೇ ಎಂದು. ಹೌದು ಎಂದಿದ್ದೆ.

ಈಗ ಅತ್ತೆಯವರು ಆ ಸ್ಟೂಲು ಹಿಡಿದು ಬರುತ್ತಾರೆ. “ನಿಮ್ಮಪ್ಪ ನನಗೂ ಕವಾಯತು ಕಲಿಸಿ ಹೋದ್ರು ನೋಡು. ನನ್ನ ಮೊಣಕಾಲ ನೋವೂ ಕಮ್ಮಿ ಆಗೇದ. ಇದನ್ನ ಅವರಿಗೆ ಬರಿಯಬ್ಯಾಡ ಮತ್ತ” ಅಂದರು. ಬರೆದಿದ್ದೇನೆ.

ಆದರೆ ಅಪ್ಪಾ, ದಣಿದಿದ್ದೇನೆ. ಕಾಲು ಬಾತು ಯಾವ ಚಪ್ಪಲಿಯೂ ಹಿಡಿಯುವುದಿಲ್ಲ, ಇವರ ಹವಾಯಿ ಚಪ್ಪಲಿ ಹಾಕಿಕೊಂಡು ನಡೆಯುತ್ತೇನೆ. ಒಂದೇ ಮಗ್ಗುಲಿಗೆ ಮಲಗಬೇಕು. ಬಗ್ಗಿದರೆ ಉಸಿರಿಲ್ಲ. ಮೊದಲಿನಷ್ಟು ದೂರ ಆಗುವುದಿಲ್ಲ, ಬೆಳಿಗ್ಗೆ ಸ್ವಲ್ಪ, ಸಂಜೆ ಗಾಳಿ ಚೆನ್ನಾಗಿದ್ದರೆ ಸ್ವಲ್ಪ. ಮೈ ಹೇಳಿದಷ್ಟು ನಡೆದರೆ ಸಾಕು, ಪಂದ್ಯ ಅಲ್ಲ ಎಂದಿದ್ದಾರೆ ಡಾಕ್ಟರಮ್ಮ. ಮಗುವಿನ ತಲೆ ಕೆಳಗಾಗಿದೆಯಂತೆ. ಧೈರ್ಯ ಬಂದಿದೆ ಎಂದು ಎಲ್ಲರಿಗೂ ಹೇಳುತ್ತೇನೆ. ನಿಮಗೆ ಹಾಗೆ ಬರೆಯಲಾರೆ.

ಸುಣ್ಣದ ಧೂಳು ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.

ಶಿವದೇವಿ


ಸೇಡಂ
೧೮ ಮೇ ೧೯೯೨

ಮಗಳು ಶಿವದೇವಿಗೆ,

ನಿನ್ನ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಎರಡು ಸಲ ಬರೆದು ಹರಿದಿದ್ದೇನೆ.

ಅವತ್ತು ನಾಂಪಲ್ಲಿಯಲ್ಲಿ ಇಳಿದವನು ನಿಮ್ಮ ಮನೆಗೆ ಬರಲಿಲ್ಲ. ಟ್ರಂಕು, ಬೇಳೆಯ ಚೀಲ ಹೊತ್ತುಕೊಂಡು ನೆಟ್ಟಗೆ ನಿನ್ನ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆಯನ್ನು ಗದರಿಸಬೇಕು ಎಂದೇ ಹೋದದ್ದು. ಅಲ್ಲಿ ಬೆಂಚಿನ ಮೇಲೆಲ್ಲ ಹೊತ್ತ ಹೆಣ್ಣುಮಕ್ಕಳು. ನಡುವೆ ನಾನೊಬ್ಬ ಮುದುಕ. ಯಾರ ಜೊತೆ ಬಂದಿದ್ದೀರಿ ಎಂದು ನರ್ಸು ಕೇಳಿದಳು. ಯಾರ ಜೊತೆಯೂ ಇಲ್ಲ, ನನ್ನ ಸರದಿ ಬಂದಾಗ ಕರೆಯಿರಿ ಎಂದೆ.

ಒಳಗೆ ಹೋದವನು ಗದರಿಸಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ನಿಮ್ಮವ್ವ ಪಾರ್ವತಿಗೆ ಆದದ್ದನ್ನು ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು ಕೇಳಿದಳು. ಮೊದಲು ನೋವು ಬಂತೇ, ರಕ್ತ ಬಂತೇ ಎಂದಳು.

“ರಕ್ತ ಮೊದಲು. ಬ್ಯಾನಿ ಇರಲಿಲ್ಲರೀ. ಒಂದಿಷ್ಟೂ ಇರಲಿಲ್ಲ” ಎಂದೆ.

ಅದಕ್ಕೆ ಮೊದಲೂ ಯಾವಾಗಲಾದರೂ ಸ್ವಲ್ಪ ಕಂಡಿತ್ತೇ ಎಂದಳು. ಕಂಡಿತ್ತು. ಶಿವರಾತ್ರಿಯ ಹೊತ್ತಿಗೆ ಕಂಡು, ನಿಂತು ಹೋಗಿತ್ತು. ಸೂಲಗಿತ್ತಿ ಏನೂ ಇಲ್ಲ ಎಂದಿದ್ದಳು.

ಡಾಕ್ಟರಮ್ಮ ಕಾಗದದ ಮೇಲೆ ಬರೆದು ತೋರಿಸಿದಳು. ಕೂಸಿಗೆ ರಕ್ತ ಹರಿಸುವ ಮಾಸು ಗರ್ಭದಲ್ಲಿ ಮೇಲಿರಬೇಕು. ಪಾರ್ವತಿಗೆ ಅದು ಕೆಳಗೆ, ಕೂಸು ಬರುವ ಬಾಗಿಲಿಗೆ ಅಡ್ಡ ಇದ್ದಿರಬೇಕು. ಹಾಗಿದ್ದರೆ ಕೂತರೂ, ನಿಂತರೂ, ಮಲಗಿದರೂ ಆ ರಕ್ತ ಹೋಗುವುದೇ. ಬೇಕಾಗಿದ್ದದ್ದು ದೊಡ್ಡ ಆಸ್ಪತ್ರೆ, ಕೊಡಲು ರಕ್ತ. ನೋಡದೆ ಇಷ್ಟು ವರ್ಷದ ಮೇಲೆ ಖಂಡಿತ ಎಂದು ಹೇಳಲಾರೆ, ಆದರೆ ನೀವು ಹೇಳುವುದು ಕೇಳಿದರೆ ಹಾಗೆಯೇ ಕಾಣುತ್ತದೆ ಎಂದಳು. ಆಮೇಲೆ ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು, ಕೊಡದಿಂದ ಆದದ್ದಲ್ಲ ಮಾಸ್ತರುಗಾರೂ ಎಂದು.

ಪಾರ್ವತಿಗೆ ರಕ್ತ ಹೋದ ದಿನ ಬಸ್ಸು ಹೋಗಿಬಿಟ್ಟಿತ್ತು. ರೈಲು ಸಂಜೆಗೆ. ಬಂಡಿ ಕಟ್ಟಿಸಿ ಗುಲ್ಬರ್ಗಾದ ಆಸ್ಪತ್ರೆಯ ದಾರಿ ಹಿಡಿದೆ. ಅವಳು ಮಳಖೇಡದ ಹೊಳೆ ದಾಟಲಿಲ್ಲ. ಇದಿಷ್ಟನ್ನೂ ನಿನಗೆ ಹೇಳಬೇಕಿತ್ತು. ನೀನು ಚಿಕ್ಕವಳಿದ್ದೆ. ದೊಡ್ಡವಳಾದ ಮೇಲೆ ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ.

ನಮ್ಮ ಮನೆಯಲ್ಲಿ ಆಮೇಲೆ ತಾಮ್ರದ ಕೊಡ ಇಟ್ಟುಕೊಳ್ಳಲಿಲ್ಲ, ನೀನು ಗಮನಿಸಿರಬಹುದು.

ನಿನ್ನ ಸ್ಕ್ಯಾನಿಂಗಿನ ಕಾಗದ ತೆಗೆಸಿ ನೋಡಿ, ನಿನಗೆ ಮಾಸು ಮೇಲಿದೆ ಎಂದಳು. ಆ ಮಾತನ್ನು ಮತ್ತೆ ಹೇಳಿಸಿಕೊಂಡೆ. ಆಮೇಲೆ ಟ್ರಂಕು ಹೊತ್ತುಕೊಂಡು ಬಂದು ನಿನ್ನನ್ನು ಎಬ್ಬಿಸಿದೆ.

ನಾನು ಹೊರಟು ಬಂದದ್ದು ಸುಣ್ಣಕ್ಕಾಗಿಯೇ. ಒಂದು ಗೋಡೆ ಆಗಿದೆ.

ನಿನ್ನ ತಂದೆ
ಹಣಮಂತರಾಯ


ಸೇಡಂ
೨೯ ಮೇ ೧೯೯೨

ಮಗಳೇ,

ಈ ಪತ್ರ ನನಗಿಂತ ತಡವಾಗಿ ನಿನ್ನನ್ನು ಮುಟ್ಟುತ್ತದೆ. ಬೆಳಗಿನ ಗಾಡಿಗೆ ನಾನು ಹೊರಡುತ್ತೇನೆ. ಎದುರಿಗೆ ಕೂತಾಗ ಇದನ್ನು ಹೇಳಲಾರೆ ಎಂದು ಗೊತ್ತಿರುವುದರಿಂದ ಬರೆದು ಡಬ್ಬಿಗೆ ಹಾಕುತ್ತಿದ್ದೇನೆ.

ವೈಜನಾಥನ ತಂತಿ ಇವತ್ತು ಮಧ್ಯಾಹ್ನ ಬಂತು. ಅಂಚೆಯ ಮಲ್ಲಪ್ಪ ಅಂಗಳದಲ್ಲಿ ಸೈಕಲ್ಲು ನಿಲ್ಲಿಸಿ “ಮಾಸ್ತರ, ತಾರ್ ಬಂದೈತ್ರಿ” ಎಂದ. ನಾನು ಏಣಿಯ ಮೇಲಿದ್ದೆ. ಇಳಿದೆ. ಅವನು ಕೈ ಚಾಚಿದ. ನನಗೆ ತೆಗೆದುಕೊಳ್ಳಲು ಆಗಲಿಲ್ಲ.

“ಕೈಯಾಗ ಸುಣ್ಣ ಐತಿ. ನೀನಾ ಒಡದು ಓದು” ಎಂದೆ.

ಅವನು ಒಡೆದ. ಇಂಗ್ಲಿಷಿನಲ್ಲಿತ್ತು, ನಿಧಾನವಾಗಿ ಕೂಡಿಸಿ ಓದಿದ. “ಹೆಣ್ಣ ಕೂಸರೀ ಮಾಸ್ತರ.”

“ಮುಂದ ಓದು.”

“ಆಪರೇಶನ್ ಮಾಡ್ಯಾರಂತ.”

“ಮುಂದ ಓದಪ್ಪಾ.”

“ಇಬ್ರೂ ಆರಾಮ ಅದಾರಂತ.”

“ಇಬ್ರೂ ಅಂತ ಬರದಾರೇನು?”

“ಹೌದ್ರಿ. ಇಬ್ರೂ ಅಂತನ ಐತಿ, ನೋಡ್ರಿ ಇಲ್ಲಿ.”

ಕೈ ತೊಳೆದುಕೊಂಡು ಬಂದು ನಾನೇ ಓದಿದೆ. ಮಲ್ಲಪ್ಪನಿಗೆ ಬೆಲ್ಲ ನೀರು ಕೊಟ್ಟೆ. ಅವನು ಹೋದ ಮೇಲೆ ಒದ್ದೆ ಗೋಡೆಯ ಪಕ್ಕದಲ್ಲಿ ಬರಿನೆಲದ ಮೇಲೆ ಮಲಗಿದೆ. ಹಗಲು ಮಲಗುವವನಲ್ಲ ನಾನು. ಎಚ್ಚರವಾದಾಗ ಬಿಸಿಲು ಇಳಿದಿತ್ತು.

ಏಣಿ ಇನ್ನೂ ಗೋಡೆಗೇ ಇದೆ. ಉಳಿದದ್ದು ಉಳಿಯಲಿ.

ಅಪ್ಪ


ಕೂಕಟ್‌ಪಲ್ಲಿ
೨೬ ಜೂನ್ ೧೯೯೨

ಅಪ್ಪಾ,

ನೀವು ಊರು ಮುಟ್ಟಿದ ಕಾರ್ಡು ಬಂತು. ಮಗು ಈಗ ತಾನೇ ಮಲಗಿದೆ. ಏಳುವವರೆಗೆ ಬರೆಯುತ್ತೇನೆ.

ಆಸ್ಪತ್ರೆಯಲ್ಲಿ ನಿಮ್ಮ ಸುತ್ತ ಎಲ್ಲರೂ ಇರುತ್ತಿದ್ದರು, ಹೆರಿಗೆಯ ಮಾತನ್ನು ನಾನು ಎತ್ತಲಿಲ್ಲ, ನೀವೂ ಕೇಳಲಿಲ್ಲ. ಈಗ ಹೇಳುತ್ತೇನೆ. ಬೆಳಿಗ್ಗೆ ನೋವು ಶುರುವಾಯಿತು. ಈ ಸಲ ಸುಳ್ಳಲ್ಲ ಎಂದು ನನಗೇ ತಿಳಿಯಿತು. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಅತ್ತೆಯವರ ಭುಜ ಹಿಡಿದುಕೊಂಡು ನಡೆದೆ. ನೋವು ಬಂದಾಗ ಕಿಟಕಿಯ ಸರಳು ಹಿಡಿದು ನಿಲ್ಲುವುದು, ಹೋದಾಗ ನಡೆಯುವುದು. ಅತ್ತೆಯವರು ಒಂದು ಹೊತ್ತೂ ಕೂರಲಿಲ್ಲ. ಸಂಜೆಯ ಹೊತ್ತಿಗೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಆಗ ನರ್ಸು ಮಗುವಿನ ಎದೆಬಡಿತ ಕೇಳಿ ಓಡಿಹೋಗಿ ಡಾಕ್ಟರನ್ನು ಕರೆತಂದಳು. ಬಡಿತ ಇಳಿಯುತ್ತಿತ್ತು. ಕಾಯುವಂತಿಲ್ಲ, ಕೊಯ್ದು ತೆಗೆಯಬೇಕು ಎಂದರು.

ಆ ಮೇಜಿನ ಮೇಲೆ ಮಲಗಿದಾಗ ನನಗೆ ಬಂದದ್ದು ಭಯವಲ್ಲ, ಸಿಟ್ಟು. ಇಷ್ಟು ತಿಂಗಳು ಬಾತ ಕಾಲು ಎಳೆದುಕೊಂಡು ನಡೆದದ್ದು ಇದಕ್ಕೇನು ಅನ್ನಿಸಿತು. ಡಾಕ್ಟರಮ್ಮನಿಗೆ ಆಮೇಲೆ ಕೇಳಿಯೂ ಕೇಳಿದೆ. ನಡೆದರೆ ಸಲೀಸಾಗಿ ಹೆರುತ್ತೀ ಎಂದು ನಾನು ಯಾವಾಗ ಮಾತು ಕೊಟ್ಟಿದ್ದೆ, ಅದು ಯಾರ ಕೈಯಲ್ಲೂ ಇಲ್ಲ, ನಿನ್ನ ಮೈ ಗಟ್ಟಿಯಾಗಲಿ ಎಂದು ನಡೆಸಿದೆ ಎಂದರು. ಆಕೆ ಸುಳ್ಳು ಸಮಾಧಾನ ಹೇಳುವವಳಲ್ಲ. ಸಿಟ್ಟು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ.

ನಿಮ್ಮ ಪತ್ರ, ಮಲ್ಲಪ್ಪ ತಂತಿ ಓದಿದ್ದನ್ನು ಬರೆದದ್ದು, ನೀವು ಬಂದ ಮೇಲೆ ಬಂತು. ಇವರು ಮನೆಯಿಂದ ಊಟದ ಡಬ್ಬಿಯ ಜೊತೆ ತಂದುಕೊಟ್ಟರು. ನೀವು ಆಗ ಕಿಟಕಿಯ ಹತ್ತಿರ ಮೂಸಂಬಿ ಸುಲಿಯುತ್ತ ಕೂತಿದ್ದಿರಿ. ನಾನು ದುಪ್ಪಟಿಯ ಮರೆಯಲ್ಲಿ ಓದಿದೆ. ನಿಮಗೆ ಗೊತ್ತಾಯಿತು, ಯಾಕೆಂದರೆ ಸುಲಿಯುವ ಕೈ ನಿಂತಿತು. ಓದಿ ಮುಗಿಸಿ ಮಡಚಿ ದಿಂಬಿನ ಕೆಳಗಿಟ್ಟೆ. ನೀವು ಬಂದು ಎರಡು ಎಸಳು ಕೊಟ್ಟು “ತಿನ್ನು” ಅಂದಿರಿ. ತಿಂದೆ.

ಆ ಸಂಜೆಯೇ ಅಲ್ಲವೇ ನರ್ಸು ಬಂದು ಪಡಸಾಲೆಗೆ ಎದ್ದು ಬಾ ಎಂದದ್ದು. ಹೊಲಿಗೆ ಎಳೆಯುತ್ತಿತ್ತು, ಆಗುವುದಿಲ್ಲ ಎಂದೆ. ನೀವು “ಇವತ್ತ ಬ್ಯಾಡ, ನಾಳಿ ನೋಡೋಣಂತ” ಅನ್ನುತ್ತೀರೆಂದು ಕಾದೆ. ನೀವು ಎದ್ದು ಬಂದು ಕೈ ಮುಂದೆ ಮಾಡಿದಿರಿ.

ಪಡಸಾಲೆಯ ಕೊನೆಯವರೆಗೆ ಹೋಗಲಾಗಲಿಲ್ಲ, ಬೆಂಚಿನ ಮೇಲೆ ಕೂತುಬಿಟ್ಟೆವು. ಅತ್ತೆಯವರು ಕೂಸನ್ನು ತಂದು ನಿಮ್ಮ ತೊಡೆಯ ಮೇಲೆ ಇಟ್ಟರು. ಅಲ್ಲಿಯವರೆಗೆ ನೀವು ಅವಳನ್ನು ಎತ್ತಿಕೊಂಡಿರಲಿಲ್ಲ, ಕೈ ಒರಟು ಎಂದು ತಪ್ಪಿಸಿಕೊಳ್ಳುತ್ತಿದ್ದಿರಿ. ನಾನು ನಿಮ್ಮ ಹೆಗಲಿಗೆ ತಲೆ ಇಟ್ಟೆ. ಎಷ್ಟೋ ದಿನದಿಂದ ಬಾರದ ನಿದ್ದೆ, ಕೂತಲ್ಲೇ ಬಂತು.

ಅರೆ ಎಚ್ಚರದಲ್ಲಿ ಅತ್ತೆಯವರ ದನಿ ಕೇಳಿಸಿತು. “ರಾಯರ, ಚಾ ತಣ್ಣಗಾತು. ಭುಜ ಜೋಮು ಹಿಡದೀತು, ಆಕೀನ ಎಬ್ಬಸ್ರಿ ಇನ್ನ.” ನೀವು ಪಿಸುಮಾತಿನಲ್ಲಿ “ಮಲಗಲಿ ಬಿಡ್ರಿ” ಎಂದಿರಿ. ಅಷ್ಟು ಹೊತ್ತು ನೀವು ಅಲುಗಾಡಿರಲಿಲ್ಲ.

ನಿಮಗೆ ಹೇಳಿರಲಿಲ್ಲ, ಆಗಲೇ ನನಗೆ ಪೂರ್ತಿ ಎಚ್ಚರವಾಗಿತ್ತು. ಆಮೇಲೂ ತುಂಬ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದೆ.

ನಿಮ್ಮ
ಶಿವದೇವಿ